ಕೈ ಮೇಲೆ, ಹೊಣೆ ಕೆಳಗೆ

ಮಾಡಿದ ಕೆಲಸಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ಕೈ ಯಾರದೋ ಹೊಣೆಯೂ ಅವನದೇ ಎಂಬುದು ಅದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರ. ಕದ್ದ ಕೈ ಕಳ್ಳನದು, ಕೊಟ್ಟ ಕೈ ದಾನಿಯದು, ಹೊಡೆದ ಕೈ ಹೊಡೆದವನದು. ಇದರಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ಆದರೆ ಈಗ ಕೈ ಒಂದು ಕಡೆ, ಕೈಯ ಒಡೆಯ ಇನ್ನೊಂದು ಕಡೆ ಇರುವ ಕಾಲ ಬಂದಿದೆ. ಕೈ ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲಿದೆ. ಅದನ್ನು ಆಡಿಸುವವರು ನೆಲದ ಮೇಲೆ ಕುರ್ಚಿಯಲ್ಲಿ ಕುಳಿತಿದ್ದಾರೆ. ಆ ಕೈಗೆ ರಕ್ತವಿಲ್ಲ, ಚರ್ಮವಿಲ್ಲ, ನೋವಿಲ್ಲ, ನಾಚಿಕೆಯೂ ಇಲ್ಲ. ಹಾಗಾದರೆ ಅದು ಮಾಡಿದ ಕೆಲಸ ಯಾರದು? ಇದು ವಿಜ್ಞಾನಿಗಳು ಮಾತ್ರ ತಲೆ ಕೆಡಿಸಿಕೊಳ್ಳಬೇಕಾದ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಆ ಪ್ರಶ್ನೆ ಆಕಾಶದಿಂದ ಇಳಿದು ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಬಂದು ನಿಂತಿದೆ.

ಮೊದಲು ಆ ದೂರದ ಕೈಯನ್ನು ನೋಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆನಡಾ ದೇಶ ಮಾಡಿಕೊಟ್ಟ ಒಂದು ಯಂತ್ರದ ತೋಳು 2001ರಿಂದ ದುಡಿಯುತ್ತಿದೆ. ಹೆಸರು ಕೆನಡಾರ್ಮ್-2. ಉದ್ದ 17.6 ಮೀಟರ್, ಏಳು ಕೀಲುಗಳು. ನಮ್ಮ ತೋಳಿಗೆ ಭುಜ ಒಂದೇ ಕಡೆ ಇರುತ್ತದೆ. ಅದಕ್ಕೆ ಹಾಗಿಲ್ಲ. ಎರಡು ತುದಿಗಳಲ್ಲೂ ಹಿಡಿಕೆ ಇದೆ. ಒಂದು ತುದಿಯನ್ನು ಊರಿ, ಇನ್ನೊಂದನ್ನು ಎತ್ತಿ ಮುಂದಿಡುತ್ತ, ಗೇಣು ಹಾಕಿ ಸಾಗುವ ಹುಳುವಿನಂತೆ ಅದು ನಿಲ್ದಾಣದ ಮೈಮೇಲೆ ನಡೆಯುತ್ತದೆ. 2021ರಲ್ಲಿ ಬಾಹ್ಯಾಕಾಶದ ಕಸದ ಚೂರೊಂದು ಬಡಿದು ಅದರ ಮೈಯಲ್ಲಿ ಪುಟ್ಟ ತೂತು ಬಿದ್ದದ್ದು ಕಂಡುಬಂತು. ತೋಳು ಕೆಲಸ ನಿಲ್ಲಿಸಲಿಲ್ಲ. 2008ರಲ್ಲಿ ಎರಡು ಕೈಗಳ ಡೆಕ್ಸ್ಟರ್ ಎಂಬ ಇನ್ನೊಂದು ಯಂತ್ರ ಅದರ ಜೊತೆ ಸೇರಿತು. 2011ರ ಫೆಬ್ರವರಿಯಲ್ಲಿ ಈ ಡೆಕ್ಸ್ಟರ್ ತನ್ನ ಮೊದಲ ಅಧಿಕೃತ ಕೆಲಸ ಮಾಡಿದಾಗ ನಿಲ್ದಾಣದ ಯಾತ್ರಿಗಳೆಲ್ಲ ನಿದ್ದೆಯಲ್ಲಿದ್ದರು. ಅದನ್ನು ಆಡಿಸುತ್ತಿದ್ದವರು ನೆಲದ ಮೇಲಿದ್ದರು. ಹೂಸ್ಟನ್ನಿನಲ್ಲಿ ಮತ್ತು ಕೆನಡಾದ ಸೇಂಟ್ ಹ್ಯುಬರ್ಟ್‌ನಲ್ಲಿ ಇಂಥ ಕೆಲಸಕ್ಕೆಂದೇ ಕೇಂದ್ರಗಳಿವೆ.

ನಮ್ಮ ದೇಶವೂ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದೆ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟದಿಂದ ಹಾರಿದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತವನ್ನು ಇಸ್ರೋ ಸುಮ್ಮನೆ ಬಿಸಾಡಲಿಲ್ಲ. ಅದನ್ನೇ ಪ್ರಯೋಗಗಳ ಜಗಲಿಯನ್ನಾಗಿ ಮಾಡಿಕೊಂಡಿತು. ಆ ಜಗಲಿಯ ಮೇಲೆ ತಿರುವನಂತಪುರದ ಇಸ್ರೋ ಘಟಕವೊಂದು ತಯಾರಿಸಿದ, ಏಳು ಕೀಲುಗಳುಳ್ಳ, ನಡೆಯಬಲ್ಲ ತೋಳು ಇತ್ತು. ತೇಲುವ ಕಸವನ್ನು ಹಿಡಿಯುವುದನ್ನು ಕಲಿಯಲೆಂದು ಕಳಿಸಿದ ಇನ್ನೊಂದು ತೋಳೂ ಇತ್ತು. ಅವುಗಳ ಪಕ್ಕದಲ್ಲೇ, ಮನುಷ್ಯರಿಲ್ಲದ ಒಂದು ಪೆಟ್ಟಿಗೆಯಲ್ಲಿ, ಅಲಸಂದೆ ಬೀಜಗಳು ನಾಲ್ಕು ದಿನಗಳಲ್ಲಿ ಮೊಳಕೆಯೊಡೆದವು. ಮರುವರ್ಷ, ಅಂದರೆ 2025ರ ಜೂನ್-ಜುಲೈನಲ್ಲಿ, ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಪ್ರಯೋಗದಂತೆ ಅಲ್ಲಿ ಹೆಸರುಕಾಳು, ಮೆಂತ್ಯೆ ಮೊಳಕೆಯೊಡೆದವು. 2035ರ ಹೊತ್ತಿಗೆ ಭಾರತದ್ದೇ ಆದ ಬಾಹ್ಯಾಕಾಶ ನಿಲ್ದಾಣ ಇರಬೇಕೆಂಬುದು ಸರ್ಕಾರದ ಗುರಿ. ಅಲ್ಲಿಯೂ ಇಂಥ ಯಂತ್ರದ ಕೈಗಳು ಇರದೆ ಗತಿಯಿಲ್ಲ.

ಪತ್ರಿಕೆಗಳಲ್ಲಿ ಅಚ್ಚಾಗುವುದು ಮೇಲಿನ ಕೈಯ ಚಿತ್ರ. ಕೆಳಗಿನ ಮೈ ಕಾಣುವುದಿಲ್ಲ. ಆದರೆ ಆ ಮೈ ಇರುವುದು ನಮ್ಮ ನಡುವೆಯೇ. ಬೆಂಗಳೂರಿನ ಪೀಣ್ಯದಲ್ಲಿ ಇಸ್ಟ್ರಾಕ್ ಎಂಬ ಇಸ್ರೋ ಕೇಂದ್ರವಿದೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಯಾವ ನೌಕೆಯೂ ಒಂದು ಊರಿನ ನೆತ್ತಿಯ ಮೇಲೆ ಕೆಲವೇ ನಿಮಿಷ ಇರುತ್ತದೆ, ಆಮೇಲೆ ದಿಗಂತದಲ್ಲಿ ಮುಳುಗುತ್ತದೆ. ಆದ್ದರಿಂದ ಲಖನೌ, ತಿರುವನಂತಪುರ, ಪೋರ್ಟ್ ಬ್ಲೇರ್, ಮಾರಿಷಸ್ ಮುಂತಾದೆಡೆ ಇರುವ ಕೇಂದ್ರಗಳು ಒಂದರ ಕೈಯಿಂದ ಇನ್ನೊಂದು ಪಡೆದುಕೊಳ್ಳುತ್ತ ಅದರ ಮೇಲೆ ಕಣ್ಣಿಡಬೇಕು. ಚಂದ್ರ, ಮಂಗಳಗಳಷ್ಟು ದೂರ ಹೋದ ನೌಕೆಗಳ ಸಂಗತಿ ಬೇರೆ. ಅವುಗಳ ದನಿ ಇಲ್ಲಿಗೆ ತಲುಪುವಾಗ ಎಷ್ಟು ಕ್ಷೀಣವಾಗಿರುತ್ತದೆಂದರೆ ಅದನ್ನು ಕೇಳಲು ದೊಡ್ಡ ಕಿವಿ ಬೇಕು, ಸುತ್ತ ಮೌನ ಬೇಕು. ಅದಕ್ಕಾಗಿ ಆರಿಸಿದ್ದು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮಾಗಡಿ-ಬಿಡದಿ ಸೀಮೆಗೆ ಅಂಟಿಕೊಂಡಿರುವ ಬ್ಯಾಲಾಳು ಎಂಬ ಹಳ್ಳಿಯನ್ನು. ಬಟ್ಟಲಿನಂತೆ ತಗ್ಗಾದ ನೆಲ ಹೊರಗಿನ ರೇಡಿಯೋ ಗದ್ದಲವನ್ನು ತಡೆಯುತ್ತದೆ. 2008ರ ಅಕ್ಟೋಬರ್‌ನಲ್ಲಿ, ಚಂದ್ರಯಾನ-1 ಹಾರುವ ಕೆಲವೇ ದಿನಗಳ ಮೊದಲು, ಈ ಕೇಂದ್ರ ಉದ್ಘಾಟನೆಯಾಯಿತು. ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ರಾಗಿ ಹೊಲಗಳ ಸೀಮೆಯಲ್ಲಿ ನಿಂತು ಚಂದ್ರನ ಜೊತೆ ಮಾತಾಡುವ ವ್ಯವಸ್ಥೆ ಇದು.

ಈ ಮಾತುಕತೆಗೆ ಒಂದು ಮಿತಿ ಇದೆ. ಅದನ್ನು ಯಾವ ಸರ್ಕಾರವೂ ತಿದ್ದಲಾರದು. ಬೆಳಕಿನ ವೇಗವೇ ಆ ಮಿತಿ. ಚಂದ್ರನವರೆಗೆ ಒಂದು ಆಜ್ಞೆ ಹೋಗಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ತನ್ನ ಗುರಿ ಸೇರುವಾಗ ಇಲ್ಲಿಂದ ಅಲ್ಲಿಗೆ ಸಂಕೇತ ಮುಟ್ಟಲು ಹನ್ನೆರಡು ನಿಮಿಷಕ್ಕೂ ಮಿಕ್ಕಿದ ಸಮಯ ಬೇಕಾಗಿತ್ತು. ಏನಾದರೂ ಎಡವಟ್ಟಾದರೆ 'ನಿಲ್ಲು' ಎಂದು ಕೂಗಿ ಪ್ರಯೋಜನವಿರಲಿಲ್ಲ. ಆದ್ದರಿಂದ ಎಂಜಿನ್ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂಬ ಆಜ್ಞೆಗಳನ್ನೆಲ್ಲ ದಿನಗಳಿಗೂ ಮುಂಚೆ ನೌಕೆಗೆ ತುಂಬಿ ಕಳಿಸಿದ್ದರು. ಇದರಲ್ಲಿ ನಮಗೊಂದು ಪಾಠವಿದೆ. ಕೈ ದೂರ ಹೋದಷ್ಟೂ ಯೋಚನೆ ಮುಂಚಿತವಾಗಿ ಆಗಬೇಕು. ಹತ್ತಿರದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ದೂರದ ಕೈಯನ್ನು ಕಳಿಸುವಾಗಲೇ ತಡೆಯಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ಕೊನೆಯ ಸುಮಾರು ಹತ್ತೊಂಬತ್ತು ನಿಮಿಷ ನೆಲದವರ ಕೈಯಲ್ಲಿ ಏನೂ ಇರಲಿಲ್ಲ. ಎತ್ತರ, ವೇಗ, ಇಳಿಯುವ ಜಾಗ ಎಲ್ಲವನ್ನೂ ಯಂತ್ರವೇ ಅಳೆದು ನಿರ್ಧರಿಸಿತು. ದೇಶದ ಕೋಟ್ಯಂತರ ಜನರಂತೆ ಪೀಣ್ಯದ ವಿಜ್ಞಾನಿಗಳೂ ಪರದೆಯನ್ನು ನೋಡುತ್ತ ಕುಳಿತಿದ್ದರು. ಹೀಗಿರುವಾಗ ಆ ಹತ್ತೊಂಬತ್ತು ನಿಮಿಷಗಳ ಹೊಣೆ ಯಂತ್ರದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ.

ಈ ಪ್ರಶ್ನೆಗೆ ಉತ್ತರ ಗೆಲುವಿನಲ್ಲಿ ಸಿಗುವುದಿಲ್ಲ. ಸೋಲಿನಲ್ಲಿ ಸಿಗುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲದಿಂದ ಎರಡು ಕಿಲೋಮೀಟರಿನಷ್ಟು ಮೇಲಿರುವಾಗ ಅದರ ದನಿ ನಿಂತುಹೋಯಿತು. ಅದಕ್ಕೆ ಕಾರಣವೇನೆಂಬುದನ್ನು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ವಿವರಿಸಿದರು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟವು. ತಪ್ಪುಗಳು ಒಂದರ ಮೇಲೊಂದು ಸೇರಿದವು. ನೌಕೆ ಬೇಗ ಬೇಗ ತಿರುಗಿ ತನ್ನನ್ನು ಸರಿಪಡಿಸಿಕೊಳ್ಳಬೇಕಾಗಿತ್ತು, ಆದರೆ ಅಷ್ಟು ಬೇಗ ತಿರುಗಲು ಅದರ ಸಾಫ್ಟ್‌ವೇರಿನಲ್ಲಿ ಹಾಕಿದ್ದ ಮಿತಿ ಅವಕಾಶ ಕೊಡಲಿಲ್ಲ. ಇಳಿಯಲು ಗುರುತಿಸಿದ್ದ ಜಾಗವೂ ಚಿಕ್ಕದಾಗಿತ್ತು. ಆ ಮಿತಿಯನ್ನು ಹಾಕಿದವರು ಯಾರು? ಆ ಜಾಗವನ್ನು ಅಳೆದುಕೊಟ್ಟವರು ಯಾರು? ಯಂತ್ರವಲ್ಲ, ಮನುಷ್ಯರು. ಗಮನಿಸಬೇಕಾದದ್ದೇನೆಂದರೆ ಯಂತ್ರ ತಪ್ಪಿತು, ನಾವೇನು ಮಾಡೋಣ ಎಂದು ಅವರು ಕೈ ತೊಳೆದುಕೊಳ್ಳಲಿಲ್ಲ. ಏನೇನು ಕೆಡಬಹುದು ಎಂಬುದರಿಂದಲೇ ಆರಂಭಿಸಿ ಮುಂದಿನ ನೌಕೆಯನ್ನು ಕಟ್ಟಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರಿನಷ್ಟು ಅಗಲಕ್ಕೆ ಹಿಗ್ಗಿಸಿದರು. ಯಂತ್ರದ ಮೇಲೆ ತಪ್ಪು ಹೊರಿಸಿದ್ದರೆ 2023ರ ಗೆಲುವು ಬರುತ್ತಿರಲಿಲ್ಲ.

ಆ ಗೆಲುವಿನ ನಾಲ್ಕನೆಯ ದಿನ ನಡೆದ ಒಂದು ಚಿಕ್ಕ ಸಂಗತಿ ನಮಗೆ ದೊಡ್ಡದಾಗಿ ಕಾಣುತ್ತದೆ. 26 ಕಿಲೋ ತೂಕದ, ಆರು ಚಕ್ರದ ಪ್ರಗ್ಯಾನ್ ರೋವರ್ ಮುಂದೆ ಸಾಗುತ್ತಿದ್ದಾಗ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂತಿರುಗು ಎಂದು ಕೆಳಗಿನಿಂದ ಆಜ್ಞೆ ಹೋಯಿತು. ರೋವರ್ ಹಿಂತಿರುಗಿತು. 2025ರ ಜನವರಿಯಲ್ಲಿ ಎರಡು ಉಪಗ್ರಹಗಳನ್ನು ಆಕಾಶದಲ್ಲಿ ಜೋಡಿಸುವಾಗಲೂ ಹೀಗೇ ಆಯಿತು. ಮೂರು ಮೀಟರ್‌ವರೆಗೆ ಹತ್ತಿರ ತಂದು ಮತ್ತೆ ದೂರ ಸರಿಸಿದರು. ದಿನಾಂಕ ಮುಂದೂಡಿದರು. ಜನ ಗೇಲಿ ಮಾಡಬಹುದೆಂದು ಹೆದರಲಿಲ್ಲ. ಜನವರಿ 16ರಂದು ಅವು ಕೂಡಿಕೊಂಡವು. ಮುಂದೆ ನಮ್ಮದೇ ನಿಲ್ದಾಣ ಕಟ್ಟಬೇಕಾದರೆ ಈ ವಿದ್ಯೆ ಬೇಕೇ ಬೇಕು. ಮುಂದಕ್ಕೆ ಚಾಚುವ ಕೈಯನ್ನು ಎಲ್ಲರೂ ಹೊಗಳುತ್ತಾರೆ. ಹಿಂದಕ್ಕೆ ಎಳೆದುಕೊಳ್ಳುವ ವಿವೇಕ ಕೈಯಲ್ಲಿ ಇರುವುದಿಲ್ಲ, ಕೈಯ ಹಿಂದಿರುವವರಲ್ಲಿ ಇರುತ್ತದೆ.

ಬ್ಯಾಲಾಳುವಿನ ಆಂಟೆನಾ ನೋಡಲು ಮಾಗಡಿ ರಸ್ತೆ ಹಿಡಿದವರು ಹಾಗೆಯೇ ಮಾಗಡಿಯನ್ನು ದಾಟಿ ಕಲ್ಯಕ್ಕೂ ಹೋಗಬೇಕೆಂಬುದು ನಮ್ಮ ಬಿನ್ನಹ. ಬಂಡೆಗಳ ನಡುವಿನ ಈ ಊರು ಹಿಂದೆ ಜೈನರ ದೊಡ್ಡ ನೆಲೆ, ಶರಣರ ನೆನಪುಗಳಿರುವ ಊರೂ ಹೌದು. 1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಜೈನರೂ ಶ್ರೀವೈಷ್ಣವರೂ ತಮ್ಮ ಜಗಳವನ್ನು ತಂದರು. ದೂರು ತಂದ ಜೈನರ ಊರುಗಳ ಪಟ್ಟಿಯಲ್ಲಿ ಕಲ್ಲೆಹ ಎಂಬ ಹೆಸರಿದೆ. ಅದೇ ಇಂದಿನ ಕಲ್ಯ. ರಾಜ ಏನು ಮಾಡಿದ? ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಈ ಎರಡು ದರ್ಶನಗಳಲ್ಲಿ ಭೇದವಿಲ್ಲ, ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ತಿಳಿಯಬೇಕು ಎಂದು ಆಜ್ಞೆ ಮಾಡಿದ. ಆ ಆಜ್ಞೆಯನ್ನು ಕಲ್ಲಿನಲ್ಲಿ ಕೊರೆಸಿದರು. ಒಂದು ಶಾಸನ ಶ್ರವಣಬೆಳಗೊಳದಲ್ಲಿದೆ. ಅದರ ಇನ್ನೊಂದು ಪ್ರತಿ ಕಲ್ಯದಲ್ಲಿದೆ.

ರಾಜ ದೂರದ ವಿಜಯನಗರದಲ್ಲಿ, ಆಜ್ಞೆ ಇಲ್ಲಿ ಕಲ್ಯದಲ್ಲಿ. ಆ ಕಾಲಕ್ಕೆ ನಡುವೆ ದಿನಗಟ್ಟಲೆಯ ದಾರಿ. ಜಗಳ ಮತ್ತೆ ಎದ್ದರೆ ಓಡಿಹೋಗಿ ರಾಜನನ್ನು ಕೇಳಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಅದಕ್ಕಾಗಿಯೇ ಮುಂಚಿತವಾಗಿ ಯೋಚಿಸಿ ಕಲ್ಲಿನಲ್ಲಿ ಬರೆದಿಟ್ಟದ್ದು. ಆದರೆ ಕಾಯುವ ಕೆಲಸವನ್ನು ರಾಜ ಕಲ್ಲಿಗೆ ಒಪ್ಪಿಸಲಿಲ್ಲ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕೆಂದೂ, ಉಳಿದ ಹಣದಲ್ಲಿ ಹಾಳಾದ ಬಸದಿಗಳನ್ನು ಸರಿಪಡಿಸಬೇಕೆಂದೂ, ಅದನ್ನು ನೋಡಿಕೊಳ್ಳುವವರು ಯಾರೆಂದೂ ಆ ಶಾಸನದಲ್ಲೇ ಬರೆದಿದೆ. ಮಾತು ಮುರಿದವನು ದ್ರೋಹಿ ಎಂದೂ ಇದೆ. ಒಪ್ಪಂದ ಮುರಿದುಬಿದ್ದಿದ್ದರೆ ಯಾರಾದರೂ ಹೋಗಿ ಆ ಕಲ್ಲನ್ನು ಬೈಯುತ್ತಿದ್ದರೇ? ಬಲವುಳ್ಳವನ ಕೈಗೆ ದುರ್ಬಲನ ಕೈಯನ್ನು ಕೊಟ್ಟಮೇಲೆ ಹೊಣೆ ಆ ಬಲವುಳ್ಳವನದು. ಆರೂವರೆ ಶತಮಾನಗಳ ಹಿಂದೆ ಈ ಸೀಮೆಯ ಜನಕ್ಕೆ ಇದು ಗೊತ್ತಿತ್ತು.

ಉರ್ದು, ಕನ್ನಡ ಎರಡನ್ನೂ ಓದಿ ಬೆಳೆದ ನಮ್ಮಂಥವರಿಗೆ ಇಲ್ಲಿ ಕೆಲವು ಮಾತುಗಳು ನೆನಪಾಗುತ್ತವೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ ಕಚೇರಿಗಳಲ್ಲಿ ಅಮಾನತ್ತು ಎಂದರೆ ತಪ್ಪು ಮಾಡಿದ ನೌಕರನನ್ನು ಕೆಲಸದಿಂದ ದೂರ ಇಡುವುದು. ಉರ್ದುವಿನಲ್ಲಿ ದಸ್ತಗಿರಿ ಎಂದರೆ ಬಿದ್ದವನ ಕೈ ಹಿಡಿಯುವುದು. ಕನ್ನಡದಲ್ಲಿ ಅದು ಪೊಲೀಸರು ಮಾಡುವ ಬಂಧನ. ದಸ್ತ್ ಎಂದರೆ ಕೈ. ನಮ್ಮ ಹಳೆಯ ಕಾಗದಪತ್ರಗಳ ಕೊನೆಯಲ್ಲಿ ಬರುವ ದಸ್ಕತ್ತೂ ಅದೇ ಕೈಯ ಬರಹ. ಮಾತುಗಳು ಭಾಷೆಯಿಂದ ಭಾಷೆಗೆ ಬರುವಾಗ ಅರ್ಥ ಬದಲಾಯಿತೆಂದು ಪಂಡಿತರು ಹೇಳಬಹುದು. ನಮಗೆ ಮಾತ್ರ ಎರಡು ಅರ್ಥಗಳೂ ಒಂದೇ ನಾಣ್ಯದ ಎರಡು ಮುಖಗಳೆಂದು ತೋರುತ್ತದೆ. ಯಾರನ್ನು ಅಮಾನತ್ತಿನಲ್ಲಿ ಇಡಬಹುದೋ ಅವನಿಗೆ ಮಾತ್ರ ಅಮಾನತ್ ಒಪ್ಪಿಸಬಹುದು. ಯಾರು ದಸ್ಕತ್ತು ಹಾಕಬಲ್ಲನೋ ಅವನ ಕೈಯನ್ನು ಮಾತ್ರ ಹಿಡಿದು ಕೇಳಬಹುದು. ಯಂತ್ರವನ್ನು ಕೆಲಸದಿಂದ ತೆಗೆದರೆ ಅದಕ್ಕೆ ಅವಮಾನವಾಗುವುದಿಲ್ಲ, ಅದರ ಮಕ್ಕಳು ಉಪವಾಸ ಬೀಳುವುದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದ ವಸ್ತುವಿಗೆ ಹೊಣೆ ಹೊರಿಸಿದರೆ ಹೊಣೆಯನ್ನು ಗಾಳಿಗೆ ತೂರಿದಂತೆಯೇ. 2020ರಲ್ಲಿ ಬೆಂಗಳೂರಿನಲ್ಲಿ ಇಸ್ರೋ ತೋರಿಸಿದ ವ್ಯೋಮಮಿತ್ರಳಿಗೆ ಹೆಣ್ಣಿನ ಮುಖವಿದೆ, ಮಾತೂ ಬರುತ್ತದೆ. ಯಂತ್ರಕ್ಕೆ ಮುಖ ಕೊಡುವುದು ತಪ್ಪಲ್ಲ. ಆ ಮುಖದ ಹಿಂದೆ ನಮ್ಮ ಮುಖ ಅಡಗಿಸಿಕೊಳ್ಳುವುದು ತಪ್ಪು.

ಈಗ ಆಕಾಶದಿಂದ ಕೆಳಗೆ ಇಳಿಯೋಣ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಒಬ್ಬ ಮುದುಕಿಯನ್ನು ಕಲ್ಪಿಸಿಕೊಳ್ಳಿ. ಬಿಸಿನೀರಿನಲ್ಲಿ ಗೂಡುಗಳ ಎಳೆ ಹುಡುಕಿ ಹುಡುಕಿ ಆಕೆಯ ಬೆರಳ ತುದಿಗಳು ಸವೆದಿವೆ. ಪಡಿತರ ಅಂಗಡಿಯ ಯಂತ್ರದ ಮೇಲೆ ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ ಗುರುತಿಸುವುದಿಲ್ಲ. "ಬೆರಳು ತಗೊಳ್ತಾ ಇಲ್ಲಮ್ಮ, ನಾಳೆ ಬಾ" ಎನ್ನುತ್ತಾನೆ ಅಂಗಡಿಯವನು. ನಾಳೆ ಹೋದರೆ ಸರ್ವರ್ ಇಲ್ಲ. ಯಾರನ್ನು ಕೇಳಬೇಕು? ಅಂಗಡಿಯವನು ಯಂತ್ರವನ್ನು ತೋರಿಸುತ್ತಾನೆ. ಯಂತ್ರ ಯಾರನ್ನೂ ತೋರಿಸುವುದಿಲ್ಲ. ಬೆರಳು ಸಿಗದವರಿಗೆ ಬೇರೆ ದಾರಿ ಇದೆಯೆಂದು ಕಾಗದದಲ್ಲಿ ಬರೆದಿರಬಹುದು. ಆ ದಾರಿಯ ಬಾಗಿಲು ಯಾವುದು, ಅದನ್ನು ತೆರೆಯುವವನ ಹೆಸರೇನು ಎಂಬುದು ಆಕೆಗೆ ಗೊತ್ತಿಲ್ಲ. ದುಡಿದು ಸವೆದ ಬೆರಳೇ ಆಕೆಯ ಅಪರಾಧವಾಗಿಬಿಡುತ್ತದೆ.

ಇದೇ ನಮ್ಮನ್ನು ಕಾಡುವ ವೈಪರೀತ್ಯ. ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಆಚೆಯ ರೋವರ್ ಒಂದು ಕುಳಿಯ ಮುಂದೆ ನಿಂತರೆ ಅದರ ಸಮಸ್ಯೆಯನ್ನು ಕೇಳಲು ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಕಿವಿ ಇದೆ, ಪೀಣ್ಯದಲ್ಲಿ ಹಗಲಿರುಳು ಎಚ್ಚರವಾಗಿರುವ ಕಣ್ಣುಗಳಿವೆ. ಮೂರು ಹೆಜ್ಜೆ ಆಚೆಯ ಮುದುಕಿಯ ಮಾತನ್ನು ಕೇಳಲು ಕಿವಿ ಇಲ್ಲ. ವಿಜ್ಞಾನವನ್ನು ದೂಷಿಸಲು ನಾವು ಇದನ್ನು ಹೇಳುತ್ತಿಲ್ಲ. ಬಡವರು ಇರುವಾಗ ಚಂದ್ರ ಯಾಕೆ ಎಂಬ ಹಳಸಲು ವಾದವೂ ನಮ್ಮದಲ್ಲ. ಬಾಹ್ಯಾಕಾಶದವರಿಂದ ನಾವು ಕಲಿಯಬೇಕಾದದ್ದನ್ನು ಕಲಿತಿಲ್ಲ ಎಂಬುದೇ ನಮ್ಮ ಮಾತು. ಭೂಕೇಂದ್ರವಿಲ್ಲದೆ ಅವರು ಒಂದು ಕೈಯನ್ನೂ ಮೇಲಕ್ಕೆ ಕಳಿಸುವುದಿಲ್ಲ. ಕಳಿಸುವ ಮೊದಲೇ ಯಾರು ನೋಡುತ್ತಾರೆ, ಯಾರು ಕೇಳುತ್ತಾರೆ, ಕೆಟ್ಟರೆ ಯಾರು ಉತ್ತರ ಕೊಡುತ್ತಾರೆ ಎಂದು ನಿಶ್ಚಯವಾಗಿರುತ್ತದೆ. ಮನುಷ್ಯರ ಅನ್ನ, ಪಿಂಚಣಿ, ಸಾಲಗಳ ಮೇಲೆ ಕೈ ಇಡುವ ಯಂತ್ರಗಳನ್ನು ನಾವು ಇಂಥ ಯಾವ ಏರ್ಪಾಡೂ ಇಲ್ಲದೆ ಊರೂರಿಗೆ ಕಳಿಸುತ್ತಿದ್ದೇವೆ.

ರೋಬೋಟ್ ಎಂಬ ಪದದ ಮೂಲವನ್ನೂ ನೆನೆಯುವುದು ಒಳ್ಳೆಯದು. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಅದು ಲೋಕಕ್ಕೆ ಬಂತು. ಅಲ್ಲಿನ ಮಾತಿನಲ್ಲಿ ಅದರ ಬೇರಿಗೆ ಇರುವ ಅರ್ಥ ಒಡೆಯನಿಗೆ ಮಾಡುವ ಬಿಟ್ಟಿ ಚಾಕರಿ. ಬಿಟ್ಟಿ ಚಾಕರಿಯ ರುಚಿ ನಮ್ಮ ಸೀಮೆಗೆ ಹೊಸದಲ್ಲ. ಮಾಗಡಿ, ರಾಮನಗರಗಳ ನೂಲು ಬಿಚ್ಚುವ ಘಟಕಗಳಲ್ಲಿ ಸಾಲಕ್ಕೆ ಒತ್ತೆಯಾಗಿ ಮಕ್ಕಳು ಬಿಸಿನೀರಿಗೆ ಕೈ ಅದ್ದುತ್ತಿದ್ದುದನ್ನು 1990ರ ದಶಕದಲ್ಲಿ ಮಾನವ ಹಕ್ಕುಗಳ ವರದಿಗಳು ದಾಖಲಿಸಿವೆ. ಆ ಘಟಕಗಳ ಮಾಲೀಕರಲ್ಲಿ, ಆ ಮಕ್ಕಳ ತಂದೆತಾಯಿಗಳಲ್ಲಿ ನಮ್ಮ ಸಮುದಾಯದವರೂ ಇದ್ದರೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಪಾಯದ ಜಾಗಕ್ಕೆ ಮನುಷ್ಯನ ಬದಲು ಯಂತ್ರವನ್ನು ಕಳಿಸುವುದು ಒಳ್ಳೆಯದೇ. ನಿಲ್ದಾಣದ ಹೊರಗಿನ ನಿರ್ವಾತಕ್ಕೆ ಯಾತ್ರಿಯ ಬದಲು ಡೆಕ್ಸ್ಟರ್ ಕೈ ಚಾಚಿದರೆ ಒಂದು ಜೀವಕ್ಕೆ ಅಪಾಯ ತಪ್ಪುತ್ತದೆ. ಕೇರಳದ ಯುವಕರು 2018ರಲ್ಲಿ ಮ್ಯಾನ್‌ಹೋಲ್‌ಗೆ ಇಳಿಯುವ ಬ್ಯಾಂಡಿಕೂಟ್ ಎಂಬ ಯಂತ್ರವನ್ನು ಬಳಕೆಗೆ ತಂದದ್ದೂ ಇದೇ ಕಾರಣಕ್ಕೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಒಬ್ಬರ ಕೈಗೆ ಕೆಸರು, ಇನ್ನೊಬ್ಬರ ಬಾಯಿಗೆ ಮೊಸರು ಆಗುತ್ತಿದ್ದ ಕಾಲವನ್ನು ಯಂತ್ರ ಕೊನೆಗಾಣಿಸುವುದಾದರೆ ಅದಕ್ಕೆ ಸ್ವಾಗತ.

ಆದರೆ ಯಂತ್ರ ಯಾರ ಕೈಯನ್ನು ಉಳಿಸಿತು, ಯಾರ ಕೈಯನ್ನು ಗುರುತಿಸದೆ ಹೋಯಿತು ಎಂಬ ಲೆಕ್ಕ ಕೇಳುವ ಹಕ್ಕು ನಮಗಿದೆ. ಆ ಲೆಕ್ಕ ಕೊಡಬೇಕಾದವರು ನೆಲದ ಮೇಲೆಯೇ ಇದ್ದಾರೆ. ಮುಂದೆ ಭಾರತದ ನಿಲ್ದಾಣ ಆಕಾಶದಲ್ಲಿ ಸುತ್ತುವ ದಿನ ಅದರ ತೋಳುಗಳನ್ನು ನೋಡಿ ನಮ್ಮ ಮಕ್ಕಳು ಚಪ್ಪಾಳೆ ತಟ್ಟಲಿ, ನಾವೂ ತಟ್ಟೋಣ. ಜೊತೆಗೆ ಇನ್ನೊಂದನ್ನೂ ಅವರಿಗೆ ಕಲಿಸೋಣ. ಯಾವ ಯಂತ್ರ ನಿಮ್ಮ ಮುಂದೆ ಬಂದು ನಿಂತರೂ ಇದರ ಭೂಕೇಂದ್ರ ಎಲ್ಲಿದೆ, ಅಲ್ಲಿ ಕುಳಿತವರು ಯಾರು, ಅವರ ದಸ್ಕತ್ತು ಎಲ್ಲಿದೆ ಎಂದು ಕೇಳಲಿ. ಉತ್ತರ ಬರುವವರೆಗೆ ಆ ಅಂಗಡಿಯ ಬಾಗಿಲು ಬಿಟ್ಟು ಕದಲದಿರಲಿ.